ಸಮಪಾಲು ಮಾಡಿದರೂ ವೆಬ್‌ಸೈಟ್ ಯಾಕೆ ನಿಧಾನ?

ಓದುಗರ ಪತ್ರ: ನಾಲ್ಕು ಕೋರ್‌ಗಳ (ಸಿಪಿಯುವಿನಲ್ಲಿ ಒಟ್ಟಿಗೆ ದುಡಿಯುವ ಭಾಗಗಳ) ಒಂದು ಲಿನಕ್ಸ್ ಸರ್ವರನ್ನು ನಾಲ್ಕು ತಂಡಗಳು ಹಂಚಿಕೊಂಡಿದ್ದೇವೆ. ಒಂದು ತಂಡದ ರಿಪೋರ್ಟ್ ಓಡಿದಾಗಲೆಲ್ಲ ನಮ್ಮ ವೆಬ್‌ಸೈಟ್ ತೆವಳುತ್ತಿತ್ತು. ಜಗಳ ಬೇಡವೆಂದು ತಲಾ ಒಂದು ಕೋರ್‌ನಷ್ಟು ಮಿತಿ ಹಾಕಿದೆವು. ಈಗ ಸರ್ವರ್ ಮುಕ್ಕಾಲು ಪಾಲು ಖಾಲಿ ಇದ್ದರೂ ನಿಧಾನವೇ. ಯಾಕೆ?

ಸಂಪಾದಕರ ಉತ್ತರ: ನನ್ನ ಅನುಮಾನ ಆ ಮಿತಿಯ ಮೇಲೇ. ‘ಒಂದು ಕೋರ್’ ಅಂದರೆ ನಿಮಗೆಂದೇ ಎತ್ತಿಟ್ಟ ಕೋರ್ ಅಲ್ಲ. ಲಿನಕ್ಸ್ ಅದನ್ನು ಸಮಯವಾಗಿ ಅಳೆದು ಕೊಡುತ್ತದೆ. ಸಾಮಾನ್ಯವಾಗಿ ಪ್ರತಿ 100 ಮಿಲಿಸೆಕೆಂಡಿಗೊಮ್ಮೆ 100 ಮಿಲಿಸೆಕೆಂಡ್ ಸಿಪಿಯು ಸಮಯ ಸಿಗುತ್ತದೆ. ವೆಬ್‌ಸೈಟಿನ ನಾಲ್ಕು ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು ನಾಲ್ಕು ಕೋರ್‌ಗಳ ಮೇಲೆ ಒಟ್ಟಿಗೆ ಓಡಿದರೆ 25 ಮಿಲಿಸೆಕೆಂಡಿಗೇ ಅದು ಖರ್ಚಾಯಿತು. ಉಳಿದ 75 ಸುಮ್ನೆ ಕೂರಬೇಕು, ಕೋರ್‌ಗಳೆಲ್ಲ ಖಾಲಿ ಇದ್ದರೂ! ಒಂದೊಂದು ಥ್ರೆಡ್‌ಗೆ 30 ಮಿಲಿಸೆಕೆಂಡ್ ಕೆಲಸವಿದ್ದರೆ, ಉಳಿದ 5ಕ್ಕಾಗಿ ಮುಂದಿನ ಸರದಿ ಕಾಯಬೇಕು. 30ರಲ್ಲಿ ಮುಗಿಯಬೇಕಾದದ್ದು 105 ಆಯಿತು. ಗ್ರಾಫ್ ಮಾತ್ರ ‘ಸರಾಸರಿ 25%’ ಅಂತ ಹಾಯಾಗಿರುತ್ತದೆ. ನಾನೂ ಒಮ್ಮೆ ಅಂಥದೇ ಗ್ರಾಫ್ ನಂಬಿ, ಎರಡು ದಿನ ಡೇಟಾಬೇಸನ್ನು ಬೈದಿದ್ದೆ. ಲಿನಕ್ಸ್ ಒಂದೊಂದು ತಂಡದ ಪ್ರೋಗ್ರಾಮುಗಳನ್ನು ಒಂದು ಗುಂಪಾಗಿ ಕಟ್ಟುತ್ತದೆ, ಅದೇ ಸಿಗ್ರೂಪ್. ನಿಮ್ಮ ಸಿಗ್ರೂಪಿನ ಸಿಪಿಯು.ಸ್ಟಾಟ್ (cpu.stat) ಫೈಲು ತೆರೆಯಿರಿ. ಅಲ್ಲಿ ‘ಥ್ರಾಟಲ್ಡ್’ (ಮಿತಿ ಮುಗಿದು ತಡೆದದ್ದು) ಎಂಬ ಲೆಕ್ಕ ಏರುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ.

ನಿಮಗೆ ಬೇಕಿರುವುದು ಮಿತಿಯಲ್ಲ, ತೂಕ. ಅಂದರೆ ಪೈಪೋಟಿ ಬಿದ್ದಾಗ ಯಾರಿಗೆ ಎಷ್ಟು ಪಾಲು ಅನ್ನುವ ಅಂಕಿ. ಎಲ್ಲ ಗುಂಪಿಗೂ ಮೊದಲು ತೂಕ 100 ಇರುತ್ತದೆ. ವೆಬ್‌ಸೈಟಿಗೆ 400 ಕೊಟ್ಟು ನೋಡಿ. ಅದೂ ರಿಪೋರ್ಟೂ ಎರಡೇ ಪೈಪೋಟಿಗೆ ಬಿದ್ದರೆ 80%, 20% ಅಂತ ಹಂಚಿಕೆಯಾಗುತ್ತದೆ. ವೆಬ್‌ಸೈಟಿಗೆ ಕೆಲಸವಿಲ್ಲದಾಗ ರಿಪೋರ್ಟ್ ಇಡೀ ಸರ್ವರನ್ನೇ ಬಳಸಲಿ, ಯಾರಿಗೇನು ನಷ್ಟ? ಇಂಥ ಗುಂಪು ಹಂಚಿಕೆ ಲಿನಕ್ಸಿಗೆ 2008ರಲ್ಲೇ ಬಂದಿತ್ತು. ಈಗಿನಂಥ ಮಿತಿ ಬಂದದ್ದು 2012ರಲ್ಲಿ, ಲಿನಕ್ಸಿನ ತಿರುಳಾದ ಕರ್ನೆಲ್ಲಿನ 3.2 ಆವೃತ್ತಿಯ ಜೊತೆ. ದುಡ್ಡು ಕೊಟ್ಟಷ್ಟೇ ಸಿಪಿಯು ಅಳೆದು ಕೊಡುವವರಿಗೆ ಅದು ಬೇಕು. ಒಂದೇ ಸಂಸ್ಥೆಯ ನಾಲ್ಕು ತಂಡಕ್ಕೆ ಯಾಕೆ?

ಹಾಗಂತ ಸಮಪಾಲೇ ನ್ಯಾಯ ಅನ್ನುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ರಿಪೋರ್ಟ್ ಹತ್ತು ನಿಮಿಷ ತಡವಾದರೆ ಯಾರಾದರೂ ಗಮನಿಸುತ್ತಾರಾ ಅಂತ ಅವರನ್ನೇ ಕೇಳಿ. ವೆಬ್‌ಸೈಟ್ ಮುಂದೆ ಮನುಷ್ಯರು ಕಾಯುತ್ತಿರುತ್ತಾರೆ ಅಲ್ವಾ?

ಇಷ್ಟಾದರೂ ತೆವಳಿದರೆ ಡಿಸ್ಕ್ ನೋಡಿ. ದೊಡ್ಡ ರಿಪೋರ್ಟ್ ರಾಶಿ ರಾಶಿ ಫೈಲು ಓದುವಾಗ, ನಿಮ್ಮ ವೆಬ್‌ಸೈಟಿಗೆ ಬೇಕಾದ ಡೇಟಾ ಮೆಮೊರಿಯಿಂದ ಆಚೆ ಹೋಗಿಬಿಡಬಹುದು. ಸಿಪಿಯು ತೂಕ ಎಷ್ಟು ಜಾಸ್ತಿ ಮಾಡಿದರೂ ಅದಕ್ಕೆ ಮದ್ದಲ್ಲ. ಅಲ್ಲಿ ಮಾತ್ರ, ರಿಪೋರ್ಟ್ ಸೆಕೆಂಡಿಗೆ ಎಷ್ಟು ಓದಬಹುದು ಅನ್ನುವುದಕ್ಕೆ ಮಿತಿ ಹಾಕಿ.