ಓದುಗರ ಪ್ರಶ್ನೆ: ಗ್ರಂಥಾಲಯದಲ್ಲಿ ಹುಡುಕುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕೊನೆಯ ವರ್ಷದ 60 ವಿದ್ಯಾರ್ಥಿಗಳು ಪ್ರಾಜೆಕ್ಟ್ ಬರೆಯಬೇಕು. ಎಲ್ಲರನ್ನೂ ಒಮ್ಮೆ ಗ್ರಂಥಾಲಯಕ್ಕೆ ಕರೆದೊಯ್ದು ತೋರಿಸಿದೆವು. ಆಮೇಲೆ ಯಾರೂ ಆ ಕಡೆ ಸುಳಿಯಲಿಲ್ಲ. ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನೇ ಇಳಿಸಿಕೊಂಡು ಬರುತ್ತಾರೆ.
– ಉಪನ್ಯಾಸಕಿ, ಸಿಂಧನೂರು

ಉತ್ತರ: 60 ಮಂದಿ ಒಟ್ಟಿಗೆ ಹೋದರೆ ಕಪಾಟು ಕಾಣುತ್ತದೆ, ಹುಡುಕುವ ದಾರಿ ಕಾಣುವುದಿಲ್ಲ. 15 ಜನರ ತಂಡ ಮಾಡಿ, ಒಂದೊಂದು ತಂಡಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. ಅದೂ ಪ್ರಾಜೆಕ್ಟ್ ವಿಷಯ ಕೊಟ್ಟ ವಾರದಲ್ಲೇ ಆಗಬೇಕು. ಬೇಕಾದ ಹೊತ್ತಿಗೆ ಕಲಿತದ್ದು ಮಾತ್ರ ಉಳಿಯುತ್ತದೆ.

ಒಳಗೆ ಕಾಲಿಡುವ ಮೊದಲು ಪ್ರತಿಯೊಬ್ಬರ ಕೈಯಲ್ಲೂ ಒಂದು ವಾಕ್ಯದ ಪ್ರಶ್ನೆ ಇರಲಿ. ‘ತುಂಗಭದ್ರಾ ನೀರಾವರಿ’ ಬರೀ ವಿಷಯ. ‘ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲಗಳಿಗೆ ನೀರು ಏಕೆ ತಲುಪುತ್ತಿಲ್ಲ?’ ಎಂಬುದು ಪ್ರಶ್ನೆ. ವಿಷಯ ಹಿಡಿದು ಹೋದವರು ಇಡೀ ಪುಸ್ತಕವನ್ನೇ ಇಳಿಸುತ್ತಾರೆ, ಪ್ರಶ್ನೆ ಹಿಡಿದು ಹೋದವರು ಹತ್ತು ಪುಟ ಹುಡುಕುತ್ತಾರೆ. ನಕಲು ಶುರುವಾಗುವುದು ಪ್ರಶ್ನೆಯಿಲ್ಲದ ಕಡೆಯೇ.

ಮೊದಲ 10 ನಿಮಿಷ ಪದಗಳ ಪಟ್ಟಿ ಬರೆಸಿ: ಕಾಲುವೆ, ನೀರಾವರಿ, ಅಚ್ಚುಕಟ್ಟು, ಕಮಾಂಡ್ ಏರಿಯಾ, ಟೇಲ್ ಎಂಡ್. ಕನ್ನಡ ಪದ ಸಾಕೆಂದು ಬಿಡಬೇಡಿ, ನೀರಾವರಿ ವರದಿಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಆಮೇಲೆ ಗ್ರಂಥಾಲಯದ ಪುಸ್ತಕಗಳ ಪಟ್ಟಿಯಿರುವ ಕಂಪ್ಯೂಟರ್ ಸೂಚಿಯಲ್ಲಿ ಹುಡುಕಿ, ಸಿಕ್ಕ ಪುಸ್ತಕದ ವರ್ಗಸಂಖ್ಯೆ, ಅಂದರೆ ಕಪಾಟಿನಲ್ಲಿ ಅದರ ಜಾಗ ಹೇಳುವ ಅಂಕಿ, ಬರೆದುಕೊಳ್ಳಲಿ.

ಮಕ್ಕಳು ಎಡವುವುದು ಇಲ್ಲೇ. ಈ ವರ್ಗಸಂಖ್ಯೆ ಕೊಡುವ ಡ್ಯೂಯಿ ಪದ್ಧತಿ ಪುಸ್ತಕಗಳನ್ನು ಅವು ಯಾವ ಶಾಸ್ತ್ರಕ್ಕೆ ಸೇರಿದವು ಎಂಬುದರ ಪ್ರಕಾರ ಜೋಡಿಸುತ್ತದೆ. ಹಾಗಾಗಿ ಒಂದೇ ಕಾಲುವೆಯ ಮಾಹಿತಿ ಮೂರು ಕಡೆ ಹಂಚಿಹೋಗಿರುತ್ತದೆ: ನೀರಿನ ಆರ್ಥಿಕ ವಿಚಾರ 333.91ರಲ್ಲಿ, ಕಾಲುವೆ ಕಟ್ಟುವ ಎಂಜಿನಿಯರಿಂಗ್ 627ರಲ್ಲಿ, ಹೊಲದ ನೀರಾವರಿ 631.587ರಲ್ಲಿ. ಅರ್ಥಶಾಸ್ತ್ರದ ಕಪಾಟನ್ನಷ್ಟೇ ನೋಡಿ ‘ಪುಸ್ತಕ ಇಲ್ಲ ಮೇಡಂ’ ಎಂದು ಮರಳುವವರೇ ಹೆಚ್ಚು. ಇನ್ನೊಂದು ತಪ್ಪು ದಶಮಾಂಶದ್ದು. ಬಿಂದುವಿನ ನಂತರದ 587 ದೊಡ್ಡದು, 7 ಚಿಕ್ಕದು ಎಂದುಕೊಂಡು 631.587 ಅನ್ನು 631.7ರ ಆಚೆ ಹುಡುಕುತ್ತಾರೆ. ಅದು ಇರುವುದು ಈಚೆ. ಅಂಕಿಗಳನ್ನು ಒಂದೊಂದಾಗಿ ಓದಿಸಿ: ಐದು ಮೊದಲು, ಏಳು ಆಮೇಲೆ.

ಪುಸ್ತಕ ಸಿಕ್ಕ ಮೇಲೆ ಅದರ ಎಡಬಲದ ಐದಾರು ಪುಸ್ತಕಗಳನ್ನೂ ತೆಗೆಯಲಿ. ಪರಿವಿಡಿ, ಕೊನೆಯ ಪದಸೂಚಿ, ಆಧಾರಗ್ರಂಥಗಳ ಪಟ್ಟಿ, ಈ ಮೂರನ್ನು ನೋಡಿದ ಮೇಲೇ ಒಳಪುಟ. ಒಂದು ಚೀಟಿಯಲ್ಲಿ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ವರ್ಗಸಂಖ್ಯೆ, ಪುಟಸಂಖ್ಯೆ ಬರೆಯದೆ ಯಾರೂ ಎದ್ದು ಹೋಗಬಾರದು. ಪುಟಸಂಖ್ಯೆ ಬಿಟ್ಟವರು ಅಡಿಟಿಪ್ಪಣಿ ಬರೆಯುವ ದಿನ ಅದೇ ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಬೇಕಾಗುತ್ತದೆ. ಅಂಕ ಕೊಡುವಾಗ ಈ ಚೀಟಿಗೂ ಅಂಕವಿಡಿ.

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಚರಿತ್ರೆ ನನ್ನ ವಿಷಯ. ‘ಕೊಪ್ಪಳ ಜಿಲ್ಲೆ’ ಎಂದು ಹುಡುಕಿದರೆ ಹಳೆಯದೇನೂ ಸಿಗುತ್ತಿಲ್ಲ.
– ಎಂ.ಎ. ವಿದ್ಯಾರ್ಥಿ, ಕೊಪ್ಪಳ

ಉತ್ತರ: ಸಿಗುವುದಿಲ್ಲ, ಏಕೆಂದರೆ ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಮುಂಚೆ ಅದು ರಾಯಚೂರು ಜಿಲ್ಲೆ. 1956ರ ನವೆಂಬರ್ 1ಕ್ಕಿಂತ ಮುಂಚಿನದಕ್ಕೆ ‘ಹೈದರಾಬಾದ್ ಸಂಸ್ಥಾನ’, ‘ನಿಜಾಮ್’ ಎಂದು ಹುಡುಕಿ. ಊರಿನ ಚರಿತ್ರೆ ಹುಡುಕುವವರು ಆ ಊರು ಯಾವ ಕಾಲಕ್ಕೆ ಯಾವ ಆಡಳಿತದಲ್ಲಿತ್ತು ಎಂಬ ಪುಟ್ಟ ಪಟ್ಟಿಯನ್ನು ಮೊದಲು ಮಾಡಿಕೊಳ್ಳಬೇಕು. ಈ ಭಾಗದಲ್ಲಂತೂ ಆ ಪಟ್ಟಿ ಇಲ್ಲದೆ ಹೆಜ್ಜೆ ಇಡಲಾಗದು.

ಶಾಸನಗಳದ್ದೂ ಇದೇ ಕಥೆ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು ಹಳೆ ಮೈಸೂರು ಮತ್ತು ಕೊಡಗಿನವು, ಅಲ್ಲಿ ನಿಮ್ಮ ಊರನ್ನು ಹುಡುಕಿ ದಿನ ಕಳೆಯಬೇಡಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳು 1932ರಲ್ಲಿ ಪ್ರಕಟವಾದದ್ದು ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ. ಮಸ್ಕಿಯ ಶಾಸನವೂ ಅದೇ ಮಾಲೆಯಲ್ಲಿ 1915ರಲ್ಲಿ ಬಂತು. ಬಳ್ಳಾರಿಯವರಾದರೆ ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿರುವ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 9ನೇ ಸಂಪುಟ ನೋಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ, ಮೊದಲು ಅವನ್ನೇ ತೆರೆಯಿರಿ.

ಜನಗಣತಿಯ ಅಂಕಿ ಬಳಸುವಾಗ ಇನ್ನೂ ಎಚ್ಚರ ಬೇಕು. 1951ರ ರಾಯಚೂರು ಹೈದರಾಬಾದ್ ಸಂಪುಟದಲ್ಲಿದೆ, 1961ರದು ಮೈಸೂರು ಸಂಪುಟದಲ್ಲಿ. ನಡುವೆ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿಯಿಂದ ಆದೋನಿ, ಆಲೂರು, ರಾಯದುರ್ಗ 1953ರಲ್ಲಿ ಬೇರೆಯಾದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯೇ ಬೇರೆಯಾಯಿತು. ಇದನ್ನು ಗಮನಿಸದೆ ಜಿಲ್ಲೆಯ ಒಟ್ಟು ಅಂಕಿಗಳನ್ನು ಹೋಲಿಸಿದರೆ ಜನಸಂಖ್ಯೆ ಇಳಿಯಿತೆಂಬ ಸುಳ್ಳು ತೀರ್ಮಾನಕ್ಕೆ ಬರುತ್ತೀರಿ. ತಾಲ್ಲೂಕುವಾರು ಅಂಕಿ ತೆಗೆದು ನೀವೇ ಕೂಡಿಸಿಕೊಳ್ಳಿ.

ಪ್ರಶ್ನೆ: ಭತ್ತದ ಬಗ್ಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪ್ರಬಂಧಗಳು ಶೋಧಗಂಗಾದಲ್ಲಿ (ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ) ಸಿಗಲಿಲ್ಲ. ಎಲ್ಲಿ ನೋಡಲಿ?
– ವಿದ್ಯಾರ್ಥಿನಿ, ಮಾನ್ವಿ

ಉತ್ತರ: ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ ಎಂಬ ಬೇರೆಯೇ ಭಂಡಾರವಿದೆ, ಅಲ್ಲಿ ನೋಡಿ. ಪ್ರಬಂಧ ಸಿಕ್ಕರೆ ಅದರ ಎರಡನೇ ಅಧ್ಯಾಯವನ್ನು, ಅಂದರೆ ಹಿಂದಿನ ಅಧ್ಯಯನಗಳ ಪರಾಮರ್ಶೆಯನ್ನು, ಮೊದಲು ಓದಿ. ಮುಂದೆ ಹುಡುಕಬೇಕಾದ ಲೇಖನಗಳ ಹೆಸರು ಅಲ್ಲೇ ಸಿಗುತ್ತವೆ.

ಪ್ರಶ್ನೆ: ಕಪಾಟಿನಲ್ಲಿ ಇರುವ ಕನ್ನಡ ಪುಸ್ತಕವೇ ನಮ್ಮ ಸೂಚಿಯಲ್ಲಿ ಬರುವುದಿಲ್ಲ. ವಿದ್ಯಾರ್ಥಿಗಳಿಗೆ ಏನು ಹೇಳಲಿ?
– ಗ್ರಂಥಪಾಲಕರು, ಬಳ್ಳಾರಿ

ಉತ್ತರ: ಹಳೆಯ ನಮೂದುಗಳು ಯೂನಿಕೋಡ್ ಅಲ್ಲದ ಫಾಂಟಿನಲ್ಲೋ ಇಂಗ್ಲಿಷ್ ಅಕ್ಷರಗಳಲ್ಲೋ ಸೇರಿರಬಹುದು. ಹಾಗಿದ್ದರೆ ಕನ್ನಡದಲ್ಲಿ ಟೈಪ್ ಮಾಡಿದ ಪದ ಅವಕ್ಕೆ ತಾಳೆಯಾಗುವುದಿಲ್ಲ. ಒಂದೇ ಪುಸ್ತಕವನ್ನು ಎರಡೂ ಲಿಪಿಯಲ್ಲಿ ಹುಡುಕಿಸಿ ನೋಡಿ. ಇಂಗ್ಲಿಷ್ ಅಕ್ಷರದಲ್ಲಾದರೆ ಪೂರ್ತಿ ಶೀರ್ಷಿಕೆ ಬೇಡ, ಮೊದಲ ನಾಲ್ಕೈದು ಅಕ್ಷರ ಸಾಕು. ದೀರ್ಘ, ಒತ್ತುಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿರುತ್ತಾರೆ. ಬಳ್ಳಾರಿಯನ್ನು ಇಂಗ್ಲಿಷಿನಲ್ಲಿ ಹುಡುಕುವಾಗ 2014ಕ್ಕೆ ಮುಂಚಿನ ‘ಬೆಲ್ಲಾರಿ’ ಕಾಗುಣಿತವನ್ನೂ ಹಾಕಿ ನೋಡಲಿ. ಸೂಚಿ ಸರಿಯಾಗುವವರೆಗೆ ಕನ್ನಡ ಕಪಾಟಿನ ವರ್ಗಸಂಖ್ಯೆಗಳ ಒಂದು ಪುಟದ ಪಟ್ಟಿಯನ್ನು ಕಂಪ್ಯೂಟರ್ ಪಕ್ಕದಲ್ಲೇ ಅಂಟಿಸಿಡಿ: ಭಾಷೆ 494.814, ಸಾಹಿತ್ಯ 894.814, ಕರ್ನಾಟಕ ಚರಿತ್ರೆ 954.87.