ಮೊಲದ ಹೊಟ್ಟೆ ಉಬ್ಬರಿಸಿದರೆ ಮನೆಯಲ್ಲೇ ಆರೈಕೆ ಮಾಡಬಹುದೇ?

ಮಾಡಬಹುದು, ಆದರೆ ಪಶುವೈದ್ಯರ ಬಳಿ ತಲುಪುವವರೆಗೆ ಮಾತ್ರ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇರುವ ಮೊಲವನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ.

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದೆಲ್ಲ ಮುಂದಕ್ಕೇ ಸಾಗಬೇಕು, ಕರುಳನ್ನು ಹಾಗೆ ದುಡಿಸುವುದು ಹುಲ್ಲಿನ ಒರಟು ನಾರು. ನಾರು ಕಡಿಮೆಯಾದರೆ, ಅಥವಾ ಹಲ್ಲುನೋವು, ಹೆದರಿಕೆಯಿಂದ ಮೊಲ ಮೇವು ಬಿಟ್ಟರೆ ಕರುಳಿನ ಚಲನೆ ಮಂದವಾಗಿ ಗಾಳಿ ತುಂಬುತ್ತದೆ. ಆ ನೋವಿಗೆ ಅದು ಇನ್ನಷ್ಟು ಮೇವು ಬಿಡುತ್ತದೆ. ತಾನಾಗಿ ಬಿಡಿಸಿಕೊಳ್ಳಲಾಗದ ಸುಳಿ ಇದು.

ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ಮೊಲ ನೋವನ್ನು ಬಚ್ಚಿಡುತ್ತದೆ. ಮೂಲೆಯಲ್ಲಿ ಮುದುಡಿ, ಕಣ್ಣು ಅರೆಮುಚ್ಚಿ, ಕಟಕಟನೆ ಹಲ್ಲು ಕಡಿಯುತ್ತಿದ್ದರೆ ಅದು ನಿದ್ದೆಯಲ್ಲ, ಸಂಕಟ. ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬೇಡವೆನಿಸಿದರೆ ಸರಿದುಕೊಳ್ಳಲು ಜಾಗವಿರಲಿ. ಮೈಬಿಸಿ 38 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ತುರ್ತು. ಒಣಹುಲ್ಲು, ಅಗಲ ಬಟ್ಟಲಲ್ಲಿ ನೀರು ಎದುರಿಗಿರಲಿ, ಓಡಾಡಿದರೆ ತಡೆಯಬೇಡಿ.

ಸಿರಿಂಜಿನಲ್ಲಿ ಬಲವಂತವಾಗಿ ತಿನ್ನಿಸುವುದು ಮಾತ್ರ ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೇ. ಹೊಟ್ಟೆ ಬಿಗಿದು ಗಟ್ಟಿಯಾಗಿದ್ದರೆ ಕರುಳಿಗೆ ಏನಾದರೂ ಅಡ್ಡ ಸಿಕ್ಕಿರಬಹುದು, ಆಗ ತಿನ್ನಿಸಿದ ಪ್ರತಿ ತುತ್ತೂ ಒಳಗಿನ ಒತ್ತಡ ಹೆಚ್ಚಿಸುತ್ತದೆ. ಹೊಟ್ಟೆಯನ್ನು ಜೋರಾಗಿ ಒತ್ತುವುದು, ಮನುಷ್ಯರ ನೋವಿನ ಮಾತ್ರೆ ಕೊಡುವುದು ಎರಡೂ ಬೇಡ. ಗಾಳಿಗೆ ಕೊಡುವ ಸಿಮೆಥಿಕೋನ್ ಹನಿಯನ್ನೂ ಫೋನಿನಲ್ಲಿ ಪ್ರಮಾಣ ಕೇಳಿಕೊಂಡೇ ಹಾಕಿ.