ಸಿಟ್ಟು ಸರಿ, ಆದರೆ ನಾಯಕರಿಗೆ ‘ಬೇಡ’ ಅನ್ನುವವರು ಎಲ್ಲಿ ಹೋದರು?

ಪ್ರಶ್ನೆ: ಹಣದುಬ್ಬರ ಇಳಿದಿದೆ ಎಂದು ಸರ್ಕಾರ ಹೇಳುತ್ತಲೇ ಇದೆ. ನನ್ನ ಸಂಬಳ ಮಾತ್ರ ತಿಂಗಳ ಮೂರನೇ ವಾರಕ್ಕೇ ಖಾಲಿ. ನಮಗೆ ಸುಳ್ಳು ಹೇಳುತ್ತಿದ್ದಾರಾ?

ಉತ್ತರ: ಎಷ್ಟೋ ಸಲ ಸುಳ್ಳು ಹೇಳುವ ಅಗತ್ಯವೇ ಇರುವುದಿಲ್ಲ. ಲೆಕ್ಕ ನೋಡಿ. ಒಂದು ವಸ್ತುವಿನ ಬೆಲೆ 100 ಇತ್ತು ಅಂದುಕೊಳ್ಳಿ. ಒಂದು ವರ್ಷದಲ್ಲಿ 120 ಆಯಿತು, ಅಂದರೆ ಹಣದುಬ್ಬರ ಶೇ 20. ಮರುವರ್ಷ 126 ಆಯಿತು. ಈಗ ಹಣದುಬ್ಬರ ಶೇ 5. ‘ಇಪ್ಪತ್ತು ಇದ್ದದ್ದನ್ನು ಐದಕ್ಕೆ ಇಳಿಸಿದೆವು’ ಎಂದು ಮಂತ್ರಿ ಎದೆ ತಟ್ಟಿಕೊಂಡರೆ ಮಾತೇನೋ ನಿಜ. ಆದರೆ ನಿಮ್ಮ ಜೇಬಿನಿಂದ ಹೋಗುತ್ತಿರುವುದು 126. ಬೆಲೆ ಇಳಿದಿಲ್ಲ, ಏರುವ ವೇಗ ಇಳಿದಿದೆ ಅಷ್ಟೆ. ಇದೇ ಎರಡು ವರ್ಷದಲ್ಲಿ ನಿಮ್ಮ ಸಂಬಳ 100 ಇದ್ದದ್ದು 110 ಆಗಿದ್ದರೆ, ಅದರಲ್ಲಿ ಕೊಳ್ಳಬಹುದಾದ ಸಾಮಾನು ಹತ್ತಿರ ಹತ್ತಿರ ಶೇ 13ರಷ್ಟು ಕಡಿಮೆಯಾಗಿದೆ. ಸಂಬಳ ಜಾಸ್ತಿಯಾಗಿದೆ, ನೀವು ಬಡವರಾಗಿದ್ದೀರಿ. ಎರಡೂ ಒಟ್ಟಿಗೇ ನಿಜ.

ಇನ್ನೊಂದು ವಿಷಯ. ಸರ್ಕಾರ ಲೆಕ್ಕ ಹಾಕುವುದು ಎಲ್ಲ ಮನೆಗಳ ಸರಾಸರಿ ಖರ್ಚಿನ ಮೇಲೆ. ಕಡಿಮೆ ಆದಾಯದ ಮನೆಯಲ್ಲಿ ಊಟ, ಬಾಡಿಗೆಗೇ ಹೆಚ್ಚು ಪಾಲು ಹೋಗುತ್ತದೆ. ಆಹಾರದ ಬೆಲೆ ಉಳಿದದ್ದಕ್ಕಿಂತ ಬೇಗ ಏರಿದರೆ ಆ ಮನೆಯ ಹಣದುಬ್ಬರ ಸರ್ಕಾರದ ಅಂಕಿಗಿಂತ ಜಾಸ್ತಿ. ಹಾಗಾಗಿ ಅಂಕಿಯನ್ನೂ ನಿಮ್ಮ ಜೇಬನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ‘ನನಗೆ ಹಾಗನ್ನಿಸುತ್ತಿಲ್ಲವಲ್ಲ’ ಎಂದು ನೀವು ಹೇಳಿದರೆ ಅದು ಅಜ್ಞಾನ ಅಲ್ಲ.

ಹಾಗಂತ ನಿಜವಾದ ಸುಳ್ಳು ಇಲ್ಲವೇ ಇಲ್ಲ ಎಂದಲ್ಲ. ಅರ್ಜೆಂಟೀನಾದಲ್ಲಿ 2007ರಲ್ಲಿ ಸರ್ಕಾರ ಅಂಕಿಅಂಶ ಸಂಸ್ಥೆಗೇ ಕೈ ಹಾಕಿತು, ಬೆಲೆ ಲೆಕ್ಕದ ಮುಖ್ಯಸ್ಥರನ್ನು ಬದಲಾಯಿಸಿತು. ಆಮೇಲೆ ವರ್ಷಗಟ್ಟಲೆ ಸರ್ಕಾರಿ ಹಣದುಬ್ಬರವೇ ಬೇರೆ, ಜನ ಕಾಣುತ್ತಿದ್ದ ಹಣದುಬ್ಬರವೇ ಬೇರೆ. ತಮ್ಮದೇ ಲೆಕ್ಕ ಪ್ರಕಟಿಸಿದ ಖಾಸಗಿ ಅರ್ಥಶಾಸ್ತ್ರಜ್ಞರಿಗೆ 2011ರಲ್ಲಿ ಭಾರಿ ದಂಡ ಬಿತ್ತು. ಆಗ ವಿರೋಧ ಪಕ್ಷದ ಸಂಸದರು ಏನು ಮಾಡಿದರು ಗೊತ್ತಾ? ಆ ಖಾಸಗಿ ಲೆಕ್ಕಗಳನ್ನೆಲ್ಲ ಸೇರಿಸಿ, ಸರಾಸರಿ ತೆಗೆದು, ಯಾರ ಹೆಸರೂ ಹೇಳದೆ ಪ್ರತಿ ತಿಂಗಳು ತಾವೇ ಪ್ರಕಟಿಸತೊಡಗಿದರು. ಸಂಸದರಿಗೆ ಕಾನೂನಿನ ರಕ್ಷಣೆ ಇತ್ತು, ದಂಡ ಹಾಕುವಂತಿರಲಿಲ್ಲ. ಅಂಕಿಅಂಶ ಸರಿಯಿಲ್ಲ ಎಂದು 2013ರಲ್ಲಿ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಆ ದೇಶಕ್ಕೆ ಅಧಿಕೃತವಾಗಿಯೇ ಛೀಮಾರಿ ಹಾಕಿತು. ತರಕಾರಿ ತರುವವರಿಗೆಲ್ಲ ಗೊತ್ತಿದ್ದ ವಿಷಯ ಕಾಗದಕ್ಕೆ ಬರಲು ಆರು ವರ್ಷ ಬೇಕಾಯಿತು.

ಪ್ರಶ್ನೆ: ಪರಿಸ್ಥಿತಿ ಕೆಟ್ಟಷ್ಟೂ ಸರ್ಕಾರದ ಹಿಡಿತ ಜಾಸ್ತಿಯಾಗುತ್ತಿದೆ. ಇದನ್ನು ಇಷ್ಟಕ್ಕೇ ಮಾರಬೇಕು, ಅದನ್ನು ತರಿಸಬಾರದು, ಡಾಲರ್ ಇಷ್ಟೇ ಕೊಳ್ಳಬೇಕು. ಇದರಿಂದ ಯಾರಿಗಾದರೂ ಒಳ್ಳೆಯದಾಗುತ್ತಾ?

ಉತ್ತರ: ಆದೇಶ ಹೊರಡಿಸುವುದು ಸುಲಭ, ಸಂಜೆಯ ಸುದ್ದಿಯಲ್ಲಿ ಚೆನ್ನಾಗಿಯೂ ಕಾಣುತ್ತದೆ. ಖರ್ಚು ಕಡಿಮೆ ಮಾಡುವುದು, ತೆರಿಗೆ ಸರಿಯಾಗಿ ವಸೂಲು ಮಾಡುವುದು, ನೋಟು ಮುದ್ರಿಸುವುದನ್ನು ನಿಲ್ಲಿಸುವುದು ಕಷ್ಟ, ಅದರ ಫಲ ಕಾಣುವುದೂ ತಡ. ಅದಕ್ಕೇ ಮೊದಲು ಕೈ ಹೋಗುವುದು ಆದೇಶದ ಕಡೆಗೆ.

ಜಿಂಬಾಬ್ವೆ 2007ರ ಜೂನ್‌ನಲ್ಲಿ ಬೆಲೆಗಳನ್ನು ಅರ್ಧಕ್ಕೆ ಇಳಿಸಿ ಎಂದು ಅಂಗಡಿಗಳಿಗೆ ಆದೇಶ ಕೊಟ್ಟಿತು. ಅಂಗಡಿಯವನ ಜಾಗದಲ್ಲಿ ನಿಂತು ಯೋಚಿಸಿ. ನಾನು 80 ಕೊಟ್ಟು ತಂದ ಸಾಮಾನನ್ನು 100ಕ್ಕೆ ಮಾರುತ್ತಿದ್ದೆ. ಈಗ 50ಕ್ಕೆ ಮಾರಬೇಕು. ಇದ್ದದ್ದನ್ನು ಮಾರಿದೆ, ಜನ ಮುಗಿಬಿದ್ದು ಒಯ್ದರು, ಕೈಗೆ ಬಂದದ್ದು 50. ಮತ್ತೆ ತರೋಣ ಅಂದರೆ ಇನ್ನೂ 80 ಬೇಕು, ತಂದರೂ ಮತ್ತೆ 50ಕ್ಕೇ ಮಾರಬೇಕು. ಯಾರು ತರುತ್ತಾರೆ? ಕೆಲವೇ ವಾರಗಳಲ್ಲಿ ಅಲ್ಲಿನ ಅಂಗಡಿಗಳು ಖಾಲಿ ಹೊಡೆದವು. ಆದೇಶ ಮುರಿದರು ಎಂದು ಸಾವಿರಾರು ವ್ಯಾಪಾರಿಗಳನ್ನು ಬಂಧಿಸಿದರು. ಸರ್ಕಾರ ತನ್ನ ಖರ್ಚಿಗೆ ನೋಟು ಮುದ್ರಿಸುತ್ತಲೇ ಇದ್ದದ್ದು ಮೂಲ ರೋಗ, ಅದನ್ನು ಮಾತ್ರ ಯಾರೂ ಮುಟ್ಟಲಿಲ್ಲ. 2009ರ ಜನವರಿಯಲ್ಲಿ ಅಲ್ಲಿ ಒಂದರ ಮುಂದೆ ಹದಿನಾಲ್ಕು ಸೊನ್ನೆ ಇರುವ ನೋಟು ಬಂತು. ಅದೇ ವರ್ಷ ಜನ ಅಮೆರಿಕದ ಡಾಲರ್‌ನಲ್ಲೇ ವ್ಯವಹಾರ ಮಾಡಲು ಸರ್ಕಾರ ಒಪ್ಪಬೇಕಾಯಿತು.

ಡಾಲರ್ ಮೇಲಿನ ಹಿಡಿತದ್ದು ಇನ್ನೊಂದು ಕಥೆ. ಸರ್ಕಾರಿ ದರ ಕಡಿಮೆ, ಹೊರಗಿನ ದರ ಜಾಸ್ತಿ ಇದ್ದಾಗ ಸರ್ಕಾರಿ ದರದಲ್ಲಿ ಡಾಲರ್ ಸಿಗುವ ಒಂದು ಸಹಿಗೇ ಬೆಲೆ ಬಂದುಬಿಡುತ್ತದೆ. ಪರಿಚಯ ಇದ್ದವನು ಅಗ್ಗಕ್ಕೆ ಕೊಂಡು ಕಾಳಸಂತೆಯಲ್ಲಿ ಮಾರುತ್ತಾನೆ. ಪರಿಚಯ ಇಲ್ಲದವನು ಸಾಲಿನಲ್ಲಿ ನಿಲ್ಲುತ್ತಾನೆ. ಇಂಥ ಹಿಡಿತ ಬಡವರ ಹೆಸರಲ್ಲಿ ಬರುತ್ತದೆ, ಆದರೆ ಅದರ ಲಾಭ ಪಡೆಯುವವರು ಬೇರೆಯವರು. ನನಗೆ ತುಂಬಾ ಸಿಟ್ಟು ಬರುವುದು ಇದಕ್ಕೇ.

ಎಲ್ಲ ನಿಯಂತ್ರಣವೂ ಕೆಟ್ಟದ್ದು ಎಂದು ನಾನು ಹೇಳಲಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಆಹಾರಕ್ಕೆ ರೇಷನ್ ತಂದಿತು, ಅದು 1954ರವರೆಗೂ ನಡೆಯಿತು. ಅಲ್ಲಿ ಕೊರತೆ ಇದೆ ಎಂದು ಸರ್ಕಾರ ಒಪ್ಪಿಕೊಂಡಿತ್ತು. ಇರುವುದನ್ನು ಎಲ್ಲರಿಗೂ ಹಂಚುವ ವ್ಯವಸ್ಥೆ ಮಾಡಿತ್ತು. ಕೊರತೆಯೇ ಇಲ್ಲ ಎಂದು ಹೇಳಿಕೊಂಡು ಬೆಲೆಯನ್ನು ಮಾತ್ರ ಒತ್ತಿ ಹಿಡಿಯುವುದಕ್ಕೂ ಇದಕ್ಕೂ ತುಂಬಾ ದೂರ.

ಪ್ರಶ್ನೆ: ಇಷ್ಟಕ್ಕೆಲ್ಲ ಮೇಲೆ ಕೂತ ಒಬ್ಬ ವ್ಯಕ್ತಿಯೇ ಕಾರಣ ಅನ್ನಿಸುತ್ತದೆ. ಅವರು ಹೋದರೆ ಎಲ್ಲ ಸರಿಹೋಗುತ್ತದೆ, ಅಲ್ವಾ?

ಉತ್ತರ: ಶ್ರೀಲಂಕಾದ ಜನಕ್ಕೂ ಹಾಗೇ ಅನ್ನಿಸಿತ್ತು, ಅವರ ಸಿಟ್ಟಿಗೆ ಕಾರಣವೂ ಇತ್ತು. 2019ರ ಕೊನೆಯಲ್ಲಿ ಹೊಸ ಸರ್ಕಾರ ವ್ಯಾಟ್ ಅನ್ನು, ಅಂದರೆ ಕೊಳ್ಳುವ ಸಾಮಾನಿನ ಮೇಲಿನ ತೆರಿಗೆಯನ್ನು, ಶೇ 15ರಿಂದ ಶೇ 8ಕ್ಕೆ ಇಳಿಸಿತು. ಜನಕ್ಕೆ ಖುಷಿ, ಖಜಾನೆಗೆ ತೂತು. ಮರುವರ್ಷ ಕೋವಿಡ್ ಬಂತು, ಪ್ರವಾಸಿಗರ ಆದಾಯ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ಏಕಾಏಕಿ ನಿಷೇಧಿಸಿದರು. ರೈತರು, ಕೃಷಿ ವಿಜ್ಞಾನಿಗಳು ಬೇಡ ಬೇಡ ಅಂದರೂ ಕೇಳಲಿಲ್ಲ. ಆರೇಳು ತಿಂಗಳಲ್ಲಿ ಆದೇಶ ವಾಪಸಾಯಿತು, ಅಷ್ಟರಲ್ಲಿ ಭತ್ತದ ಇಳುವರಿ ನೆಲ ಕಚ್ಚಿತ್ತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದು ಎಂದು ದೇಶವೇ ಕೈಚೆಲ್ಲಿತು. ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೆ ನುಗ್ಗಿದರು, ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋಗಿ ರಾಜೀನಾಮೆ ಕೊಟ್ಟರು.

ಅವರು ಹೋದ ಮೇಲೂ ಬೆಲೆ ಏರುತ್ತಲೇ ಹೋಯಿತು. ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 70ರ ಆಸುಪಾಸಿಗೆ ಮುಟ್ಟಿತು. ವ್ಯಾಟ್ ಮತ್ತೆ ಶೇ 15ಕ್ಕೆ ಬಂತು, 2024ರಲ್ಲಿ ಶೇ 18 ಆಯಿತು. ಕೆಟ್ಟ ನಿರ್ಧಾರದ ಬಿಲ್ ನಾಯಕರ ಜೊತೆ ಹೋಗುವುದಿಲ್ಲ, ಅದನ್ನು ಜನರೇ ಕಟ್ಟುತ್ತಾರೆ. 2023ರಲ್ಲಿ ಅಲ್ಲಿ ಹೊಸ ಕೇಂದ್ರ ಬ್ಯಾಂಕ್ ಕಾನೂನು ಬಂತು. ಸರ್ಕಾರದ ಖರ್ಚಿಗೆ ನೋಟು ಮುದ್ರಿಸಿ ಕೊಡುವುದಕ್ಕೆ ಅದು ತಡೆ ಹಾಕಿತು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಪಕ್ಸ ಸಹೋದರರನ್ನೂ ಹಿಂದಿನ ಕೇಂದ್ರ ಬ್ಯಾಂಕ್ ಗವರ್ನರ್‌ಗಳನ್ನೂ ಹೊಣೆ ಮಾಡಿ ತೀರ್ಪು ಕೊಟ್ಟಿತು. ಗಮನಿಸಿ, ತೀರ್ಪಿನಲ್ಲಿ ಗವರ್ನರ್‌ಗಳೂ ಇದ್ದರು. ‘ಬೇಡ’ ಅನ್ನಬೇಕಾದ ಜಾಗದಲ್ಲಿ ಕೂತು ತಲೆಯಾಡಿಸಿದವರು ಅವರು.

ಟರ್ಕಿಯಲ್ಲಿ ನಾಯಕರು ಬದಲಾಗಲಿಲ್ಲ, ‘ಬೇಡ’ ಅನ್ನುವವರನ್ನೇ ಬದಲಾಯಿಸುತ್ತಾ ಹೋದರು. 2019ರ ಜುಲೈಯಿಂದ 2021ರ ಮಾರ್ಚ್‌ವರೆಗೆ ಅಧ್ಯಕ್ಷ ಎರ್ದೊಗಾನ್ ಮೂವರು ಕೇಂದ್ರ ಬ್ಯಾಂಕ್ ಗವರ್ನರ್‌ಗಳನ್ನು ಮನೆಗೆ ಕಳಿಸಿದರು. ಬೆಲೆ ಏರುವಾಗ ಅದನ್ನು ತಡೆಯಲು ಬಡ್ಡಿ ಏರಿಸುವುದು ರೂಢಿ, ಆದರೆ ಇಳಿಸಬೇಕು ಅನ್ನುವುದು ಎರ್ದೊಗಾನ್ ಹಟ. ಶೇ 19 ಇದ್ದ ಬಡ್ಡಿ 2021ರ ಡಿಸೆಂಬರ್‌ಗೆ ಶೇ 14 ಆಯಿತು, ಅಲ್ಲಿನ ಹಣ ಲಿರಾ ಕುಸಿಯಿತು. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 85 ದಾಟಿತು. 2023ರ ಚುನಾವಣೆಯಲ್ಲಿ ಮತ್ತೆ ಗೆದ್ದ ಮೇಲೆ ಅದೇ ಎರ್ದೊಗಾನ್ ಹೊಸ ಹಣಕಾಸು ಮಂತ್ರಿಯನ್ನು ತಂದರು, 2024ರ ಮಾರ್ಚ್ ಹೊತ್ತಿಗೆ ಬಡ್ಡಿ ಶೇ 50ಕ್ಕೆ ಹೋಗಿತ್ತು. ತಡೆಯುವವರಿದ್ದರೆ ಇಷ್ಟು ದೂರ ಹೋಗಬೇಕಾಗಿರಲಿಲ್ಲ.

ಹಾಗಾಗಿ ನಾಯಕರನ್ನು ಬದಲಿಸಬೇಡಿ ಎನ್ನುತ್ತಿಲ್ಲ, ಖಂಡಿತ ಬದಲಿಸಿ. ಆದರೆ ಹೊಸಬರು ಮತ ಕೇಳಲು ಬಂದಾಗ ‘ನೀವು ಏನು ಕೊಡುತ್ತೀರಿ’ ಎನ್ನುವುದರ ಜೊತೆಗೆ ‘ನಿಮ್ಮನ್ನು ಯಾರು ತಡೆಯಬಹುದು’ ಎಂದೂ ಕೇಳಿ. ಕೇಂದ್ರ ಬ್ಯಾಂಕ್, ಅಂಕಿಅಂಶ ಇಲಾಖೆ, ಲೆಕ್ಕಪರಿಶೋಧಕರು, ಕೋರ್ಟು. ಇವುಗಳ ಮುಖ್ಯಸ್ಥರನ್ನು ಮನಸ್ಸು ಬಂದಾಗ ತೆಗೆಯುವ ಅಧಿಕಾರ ಬಿಟ್ಟುಕೊಡಲು ಒಪ್ಪದವರು ಎಷ್ಟೇ ಚೆನ್ನಾಗಿ ಮಾತಾಡಲಿ, ನಾನಾದರೆ ನಂಬುವುದಿಲ್ಲ.

ಪ್ರಶ್ನೆ: ಚುನಾವಣೆ ದೂರ ಇದೆ. ಅಲ್ಲಿಯವರೆಗೆ ಸುಮ್ನೆ ಕೂರಬೇಕಾ?

ಉತ್ತರ: ಬೇಡ. ನಿಮ್ಮ ಸಂಸದರಿಗೆ ಬರೆಯಿರಿ, ಆದರೆ ‘ಬೆಲೆ ಏರಿಕೆ ತಡೆಯಿರಿ’ ಎಂದು ಬರೆಯಬೇಡಿ. ಅದಕ್ಕೆ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಮುಗಿಯಿತು. ಜಾರಿಕೊಳ್ಳಲು ಆಗದ ಪ್ರಶ್ನೆ ಹಾಕಿ. ಸರ್ಕಾರದ ಆದಾಯದಲ್ಲಿ ನೂರಕ್ಕೆ ಎಷ್ಟು ಸಾಲದ ಬಡ್ಡಿಗೇ ಹೋಗುತ್ತಿದೆ? ಸರ್ಕಾರಿ ಕಂಪನಿಗಳ ಹೆಸರಲ್ಲಿ ಮಾಡಿದ, ಬಜೆಟ್‌ನಲ್ಲಿ ಕಾಣದ ಸಾಲ ಎಷ್ಟು? ಉದ್ಯೋಗದ ಸಮೀಕ್ಷೆ ಕೊನೆಯ ಸಲ ಯಾವಾಗ ಹೊರಬಂತು, ಮುಂದಿನದು ಯಾವ ತಾರೀಕಿಗೆ? ಇವಕ್ಕೆ ಉತ್ತರ ಅಂಕಿಯಲ್ಲೇ ಕೊಡಬೇಕಾಗುತ್ತದೆ. ಕೊಡದಿದ್ದರೆ ಕೇಳಿದ ದಿನಾಂಕ ಬರೆದಿಟ್ಟುಕೊಂಡು ಮತ್ತೆ ಕೇಳಿ, ಪಕ್ಕದವರಿಂದಲೂ ಕೇಳಿಸಿ. ಮನೆಯ ಮಟ್ಟಿಗೆ, ಬೆಲೆ ಏರುತ್ತಿರುವಾಗ ಬಡ್ಡಿ ಬದಲಾಗುತ್ತಾ ಹೋಗುವ ಸಾಲವನ್ನು ಹೊಸದಾಗಿ ಮೈಮೇಲೆ ಹಾಕಿಕೊಳ್ಳಬೇಡಿ. ಇರುವ ಸಾಲದಲ್ಲಿ ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸಿ.